ಚೌಳುಮಣ್ಣಿನ ಮಾಳಿಗೆ: ದುರ್ಗಸೀಮೆಯ ಸಣ್ಣ ಊರುಗಳು

ಹೊಳಲ್ಕೆರೆ, ಹಿರಿಯೂರು, ಹೊಸದುರ್ಗ ಎಂಬ ಮೂರು ಹೆಸರುಗಳನ್ನು ಬಿಡಿಸಿ ನೋಡಿದರೆ ಈ ಸೀಮೆಯಲ್ಲಿ ಊರು ಹೇಗೆ ಹುಟ್ಟಿತೆಂಬುದು ಅರ್ಧ ತಿಳಿಯುತ್ತದೆ. ಹಳಗನ್ನಡದಲ್ಲಿ ‘ಪೊಳಲ್’ ಎಂದರೆ ಪಟ್ಟಣ. ಪಕಾರ ಹಕಾರವಾದ ಮೇಲೆ ಅದು ‘ಹೊಳಲು’ ಆಯಿತು. ಪಕ್ಕದ ಕೆರೆ ಸೇರಿ ಹೊಳಲ್ಕೆರೆಯಾಯಿತು. ಹಿರಿಯೂರು ತನ್ನ ಸುತ್ತಲಿನ ಹಳ್ಳಿಗಳಿಗೆ ಹಿರಿಯ ಊರು. ಹೊಸದುರ್ಗ ಹಳೆಯ ದುರ್ಗವೊಂದಕ್ಕೆ ಎದುರಾಗಿ ಹೊಸದು. ಆ ಹಳೆಯದು ಚಿತ್ರಕಲ್ಲಿನ ದುರ್ಗ, ಇಂದಿನ ಚಿತ್ರದುರ್ಗ. ಕೆರೆ, ಹಿರಿತನ, ಕೋಟೆ ಈ ಮೂರರಲ್ಲಿ ಒಂದನ್ನಾದರೂ ನೆಚ್ಚದೆ ಬಯಲುಸೀಮೆಯ ಯಾವ ಊರೂ ಪೇಟೆಯಾಗಿ ಬೆಳೆದಿಲ್ಲ.

ಚಿತ್ರದುರ್ಗ ಜಿಲ್ಲೆ ಮಳೆಯ ವಿಷಯದಲ್ಲಿ ಬಡವ. ವರ್ಷಕ್ಕೆ ಸುಮಾರು 500ರಿಂದ 600 ಮಿಲಿಮೀಟರ್ ಮಳೆ ಬಿದ್ದರೆ ಅದೇ ಒಳ್ಳೆಯ ವರ್ಷ. ಪಶ್ಚಿಮದ ಹೊಳಲ್ಕೆರೆ ಕಡೆ ಮಲೆನಾಡಿನ ಗಾಳಿ ಕೊಂಚ ತಾಗುವುದರಿಂದ ಅಡಿಕೆ ತೋಟಗಳಿವೆ. ಪೂರ್ವಕ್ಕೆ ಹಿರಿಯೂರಿನತ್ತ ಬಂದಂತೆ ನೆಲ ಒಣಗುತ್ತ ಜಾಲಿಮರ, ಕುರಿಹಿಂಡು, ಶೇಂಗಾ ಹೊಲಗಳು ಕಾಣಿಸಿಕೊಳ್ಳುತ್ತವೆ. ಹೊಸದುರ್ಗ ಇವೆರಡರ ನಡುವಿನದು: ತೆಂಗು, ರಾಗಿ, ಸಾವೆ. ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕೂಡಿ ವೇದಾವತಿಯಾಗಿ ಹೊಸದುರ್ಗ, ಹಿರಿಯೂರು ತಾಲ್ಲೂಕುಗಳನ್ನು ಹಾದು, ಕೂಡಲಹಳ್ಳಿಯ ಬಳಿ ಸುವರ್ಣಮುಖಿಯನ್ನು ಸೇರಿಸಿಕೊಂಡು, ಮುಂದೆ ಹಗರಿ ಎಂಬ ಹೆಸರಿನಲ್ಲಿ ತುಂಗಭದ್ರೆಗೆ ಬೀಳುತ್ತದೆ. ನಕ್ಷೆಯಲ್ಲಿ ಇದು ದೊಡ್ಡ ನದಿ. ಆದರೆ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ಅಣೆಕಟ್ಟು ಆಗುವ ಮುಂಚಿನ ಕಾಲದಲ್ಲೂ ವರ್ಷದ ಬಹುಪಾಲು ಅದು ಮರಳಿನ ಹಾಸೇ. ಒರತೆ ತೋಡಿ ನೀರು ಮೊಗೆಯಬೇಕಾಗಿತ್ತು.

ಇಂಥ ನೆಲದಲ್ಲಿ ಊರು ಕಟ್ಟುವವರಿಗೆ ಒಂದು ಖಚಿತ ಕ್ರಮವಿತ್ತು. ಮೊದಲು ಕೋಟೆ ಅಥವಾ ಹುಡೇವು ಎಂಬ ಕಾವಲು ಬುರುಜು. ಅದರ ಕೆಳಗೆ ಅಥವಾ ಹೊರಗೆ ಪೇಟೆ. ಪೇಟೆಯ ಅಂಚಿಗೆ ಸಂತೆ ಸೇರುವ ಬಯಲು. ಇವೆಲ್ಲಕ್ಕಿಂತ ಎತ್ತರದಲ್ಲೋ ಮಗ್ಗುಲಲ್ಲೋ ಕೆರೆ, ಹೊಂಡ. ಚಿತ್ರದುರ್ಗದಲ್ಲಿ ಈ ಕ್ರಮ ಅತ್ಯಂತ ದೊಡ್ಡ ಅಳತೆಯಲ್ಲಿ ಉಳಿದಿದೆ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಲ್ಲಿಂದ ಅಕ್ಕ ತಂಗಿ ಹೊಂಡಕ್ಕಿಳಿದು, ಮತ್ತೆ ಹರಿದು ಸಿಹಿನೀರು ಹೊಂಡ ಸೇರಿ, ಅದೂ ತುಂಬಿದ ಮೇಲೆ ಪೇಟೆಯೊಳಗಿನ ಸಂತೆ ಹೊಂಡಕ್ಕೆ ಬರುತ್ತಿತ್ತು. ಮೇಲಿನವರ ಪಾಲು ಮುಗಿದ ಮೇಲೆ ಕೆಳಗಿನವರ ಪಾಲು. ಆದರೆ ಕೆಳಗಿನವರಿಗೆ ಪಾಲು ಇದ್ದೇ ಇರುತ್ತಿತ್ತು. ಏಳು ಸುತ್ತಿನ ಕೋಟೆಯನ್ನು ನೋಡಲು ಬರುವವರಲ್ಲಿ ಹೆಚ್ಚಿನವರು ಓಬವ್ವನ ಕಿಂಡಿಗೆ ಹೋಗಿ ಹಿಂದಿರುಗುತ್ತಾರೆ. ಕೋಟೆಯ ನಿಜವಾದ ಜಾಣತನ ಮಾತ್ರ ಈ ಹೊಂಡಗಳ ಸರಣಿಯಲ್ಲಿದೆ. ಕೆಳಗೆ ಪೇಟೆಯಲ್ಲಿ ರಂಗಯ್ಯನ ಬಾಗಿಲು ಇಂದಿಗೂ ನಿಂತಿದೆ. ದೊಡ್ಡಪೇಟೆ, ಚಿಕ್ಕಪೇಟೆ ಎಂಬ ಹೆಸರುಗಳೂ ಉಳಿದಿವೆ.

ಈ ಊರುಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿದವರು ಚಿತ್ರದುರ್ಗದ ನಾಯಕರು. ಮನೆತನದ ಮೂಲಪುರುಷ ತಿಮ್ಮಣ್ಣನಾಯಕನಿಗೆ ವಿಜಯನಗರದ ಅರಸರಿಂದ ಮೊದಲು ದೊರೆತದ್ದು ಹೊಳಲ್ಕೆರೆಯ ನಾಯಕತನ. ಹಿರಿಯೂರು, ಚಿತ್ರದುರ್ಗ ಆಮೇಲೆ ಬಂದವು. ಹೀಗೆ ನೋಡಿದರೆ ಇಂದು ತಾಲ್ಲೂಕು ಕೇಂದ್ರವಾಗಿ ಸುಮ್ಮನಿರುವ ಹೊಳಲ್ಕೆರೆಯೇ ದುರ್ಗದ ಪ್ರಭುತ್ವಕ್ಕೆ ಮೊದಲ ಮೆಟ್ಟಿಲು. ಪಾಳೆಯಗಾರರ ಚರಿತ್ರೆಯನ್ನು ಎಂ.ಎಸ್. ಪುಟ್ಟಣ್ಣ, ಹುಲ್ಲೂರು ಶ್ರೀನಿವಾಸ ಜೋಯಿಸ ಮೊದಲಾದವರು ಶ್ರಮಪಟ್ಟು ಸಂಗ್ರಹಿಸಿದರು. ತ.ರಾ. ಸುಬ್ಬರಾಯರ ಕಾದಂಬರಿಗಳು ಅದನ್ನು ಮನೆಮನೆಗೆ ತಲುಪಿಸಿದವು. ಆದರೆ ಈ ಬರವಣಿಗೆಯೆಲ್ಲ ಕೋಟೆಯನ್ನು ಕುರಿತದ್ದು. ಕೋಟೆಗೆ ರಾಗಿ, ಕಂಬಳಿ, ಎಣ್ಣೆ, ಬಳೆ ಒದಗಿಸಿದ ಪೇಟೆಗಳ ಬಗ್ಗೆ ಬರೆದವರು ಕಡಿಮೆ.

ಹೊಳಲ್ಕೆರೆಯ ಗುರುತು ಅಲ್ಲಿನ ಬಯಲು ಗಣಪತಿ. 1475ರಲ್ಲಿ ಗುಲಿಯಪ್ಪನಾಯಕ ಪ್ರತಿಷ್ಠಾಪಿಸಿದನೆಂದು ಹೇಳುವ ಈ ವಿಗ್ರಹ ಸುಮಾರು ಒಂಬತ್ತು ಅಡಿ ಎತ್ತರದ ಏಕಶಿಲೆ. ತಲೆಯ ಮೇಲೆ ಗೋಪುರವಿಲ್ಲ. ಹೆಸರೇ ಹೇಳುವಂತೆ ಬಯಲಿನಲ್ಲಿ ಕುಳಿತ ದೇವರು. ಬೆನ್ನ ಹಿಂದೆ ಹೆಣೆದ ಜಡೆ ಇಳಿದಿರುವುದು ಇನ್ನೊಂದು ವಿಶೇಷ. ಗುಡಿ ಇದ್ದರೆ ಗರ್ಭಗುಡಿ, ಗರ್ಭಗುಡಿ ಇದ್ದರೆ ಒಳಗೆ ಯಾರು, ಹೊರಗೆ ಯಾರು ಎಂಬ ಲೆಕ್ಕ ಹುಟ್ಟುತ್ತದೆ. ಬಯಲಿನ ದೇವರ ಮುಂದೆ ಆ ಗೋಡೆ ಕೊಂಚ ತೆಳುವಾಗುತ್ತದೆ. ಸಂತೆಗೆ ಬಂದವರು ಹಾದಿಯಲ್ಲೇ ಕೈಮುಗಿದು ಹೋಗುವ ದೇವರು ಪೇಟೆಯ ದಿನಚರಿಯ ಭಾಗವಾಗಿ ಉಳಿಯುತ್ತಾನೆ. ಐನೂರು ವರ್ಷ ಮಳೆ, ಬಿಸಿಲು, ಎಣ್ಣೆ, ಬೆಣ್ಣೆ ಎಲ್ಲವನ್ನೂ ತಡೆದುಕೊಂಡ ಕಲ್ಲು ಅದು.

ಹೊಸದುರ್ಗದ ಬೆಟ್ಟದ ಕೋಟೆಯನ್ನು ಚಿತ್ರದುರ್ಗದ ಚಿಕ್ಕಣ್ಣನಾಯಕ 1675ರಲ್ಲಿ ಕಟ್ಟಿಸಿದ. ಆದರೆ ಊರು ಹೊಸತಾದರೂ ಸೀಮೆ ಹಳೆಯದು. ಸಮೀಪದ ಬಾಗೂರಿನಲ್ಲಿ ಚೆನ್ನಕೇಶವನ ಗುಡಿಯಿದೆ. ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ, ಸುಮಾರು 1160ರ ಪಾರ್ಶ್ವನಾಥ ಬಸದಿ ಕರಿಕಲ್ಲಿನಲ್ಲಿ ನಿಂತಿದೆ. ‘ಹಿರಿಯ ಕೆರೆ’ಯೇ ‘ಹೆಗ್ಗೆರೆ’. ಇಲ್ಲೂ ಊರಿಗೆ ಹೆಸರು ಕೊಟ್ಟದ್ದು ಕೆರೆಯೇ. ವೈಷ್ಣವ ಗುಡಿ, ಜೈನ ಬಸದಿ, ವೀರಶೈವ ಮಠ, ದರ್ಗಾ ಇವೆಲ್ಲ ಒಂದು ದಿನದ ನಡಿಗೆಯ ಅಂತರದಲ್ಲಿ ಸಿಗುವುದು ಈ ಸೀಮೆಯಲ್ಲಿ ಅಚ್ಚರಿಯ ಸಂಗತಿಯಲ್ಲ.

ಹೊಸದುರ್ಗ ತಾಲ್ಲೂಕಿನ ನಿಜವಾದ ಅಚ್ಚರಿ ಮತ್ತೋಡು. ಇಂದು ನೋಡಿದರೆ ಅದು ವೇದಾವತಿಯ ದಂಡೆಯ ಸೀಮೆಯಲ್ಲಿ ಸದ್ದಿಲ್ಲದೆ ಇರುವ ಒಂದು ಊರು. ಒಂದು ಕಾಲಕ್ಕೆ ಪಾಳೆಯಗಾರರ ಠಾಣ್ಯ. ಅದಕ್ಕಿಂತ ಹೆಚ್ಚಾಗಿ ಗಾಜಿನ ಬಳೆಯ ಊರು. 1799ರಲ್ಲಿ ಟಿಪ್ಪು ಮಡಿದ ಮೇಲೆ ಹೊಸದಾಗಿ ಕೈಗೆ ಬಂದ ಸೀಮೆಯನ್ನು ಅಳೆದು ನೋಡಲು ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿತು. 1800–01ರಲ್ಲಿ ಅವನು ಮೈಸೂರು ಸೀಮೆಯ ಊರೂರು ಸುತ್ತಿದ. 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವನ ಪ್ರವಾಸ ವರದಿಯಲ್ಲಿ ಮತ್ತೋಡಿನ ಬಳೆಯ ಕುಲುಮೆಗಳ ವಿವರಗಳಿವೆ. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಣ್ಣದ ಗಾಜು ಅಲ್ಲಿ ತಯಾರಾಗುತ್ತಿತ್ತು. ಕಪ್ಪು ಬಳೆಗೆ ಹೆಚ್ಚು ಬೇಡಿಕೆ.

ಗಾಜಿಗೆ ಬೇಕಾದದ್ದು ಎರಡೇ ಮುಖ್ಯ ವಸ್ತು. ಒಂದು ಬೆಣಚುಕಲ್ಲು, ಅದನ್ನು ಕಾಯಿಸಿ ಕುಟ್ಟಿ ಹಿಟ್ಟು ಮಾಡಬೇಕು. ಇನ್ನೊಂದು ಆ ಹಿಟ್ಟನ್ನು ಕಡಿಮೆ ಶಾಖದಲ್ಲಿ ಕರಗಿಸಬಲ್ಲ ಕ್ಷಾರ. ಕಲ್ಲಿಗೆ ಈ ಗುಡ್ಡಗಾಡಿನಲ್ಲಿ ಬರವಿಲ್ಲ. ಕ್ಷಾರ ಸಿಗುತ್ತಿದ್ದದ್ದು ಚೌಳುಮಣ್ಣಿನಲ್ಲಿ. ಬೇಸಿಗೆಯಲ್ಲಿ ಹಳ್ಳದ ಬದಿಗಳಲ್ಲಿ, ಜವುಗು ಹೊಲಗಳಲ್ಲಿ ನೆಲದ ಮೇಲೆ ಬೆಳ್ಳಗೆ ಹೂವಿನಂತೆ ಏಳುವ ಉಪ್ಪುಮಣ್ಣು ಅದು. ಅದನ್ನು ಗೋರಿ, ನೀರಿನಲ್ಲಿ ಕದಡಿ, ಸೋಸಿ, ಒಣಗಿಸಿದರೆ ಒಂದು ಬಗೆಯ ಸೋಡಾ ಉಳಿಯುತ್ತದೆ. ಬಣ್ಣಕ್ಕೆ ತಾಮ್ರ, ಕಬ್ಬಿಣದಂಥ ಲೋಹಗಳ ಅಂಶ ಸೇರಿಸುತ್ತಿದ್ದರು. ಮಣ್ಣಿನ ಮೂಸೆಗಳಲ್ಲಿ ತುಂಬಿ ದಿನಗಟ್ಟಲೆ ಉರಿ ಹಾಕುವುದು, ಕರಗಿದ ಗಾಜನ್ನು ಕಬ್ಬಿಣದ ಕಡ್ಡಿಯ ತುದಿಗೆ ಎತ್ತಿಕೊಂಡು ತಿರುಗಿಸುತ್ತ ಉಂಗುರ ಮಾಡುವುದು, ಕೈಯ ಅಳತೆಗೆ ಹಿಗ್ಗಿಸುವುದು, ಇವೆಲ್ಲ ಕ್ಷಣ ತಪ್ಪಿದರೆ ಕೆಡುವ ಕೆಲಸ. ಹೀಗೆ ತಯಾರಾದ ಬಳೆಯನ್ನು ಮಲಾರ ಕಟ್ಟಿ ಬೆನ್ನಿಗೇರಿಸಿಕೊಂಡ ಬಳೆಗಾರರು ಊರೂರಿಗೆ ಒಯ್ಯುತ್ತಿದ್ದರು. ಬಸುರಿಯ ಕೈಗೆ, ಮದುವಣಗಿತ್ತಿಯ ಕೈಗೆ, ಹಬ್ಬಕ್ಕೆ ತವರಿಗೆ ಬಂದ ಮಗಳ ಕೈಗೆ ಬಳೆ ತೊಡಿಸುವ ಹಕ್ಕಿನ ಜೊತೆಗೆ ಊರಿಂದೂರಿಗೆ ಸುದ್ದಿ ಮುಟ್ಟಿಸುವ ಹೊಣೆಯೂ ಅವರದಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಬೊಹೀಮಿಯ, ಆಸ್ಟ್ರಿಯ ಕಡೆಯಿಂದ ಹಡಗಿನಲ್ಲಿ ಹೊಳೆಯುವ ಅಗ್ಗದ ಬಳೆ ಬರತೊಡಗಿತು. ಆಮೇಲೆ ಫಿರೋಜಾಬಾದಿನ ಕಾರ್ಖಾನೆಗಳು ದೇಶದ ಮಾರುಕಟ್ಟೆಯನ್ನೆಲ್ಲ ಹಿಡಿದವು. ಒರಟಾದ, ಬೆಳಕು ದಾಟದ ಮತ್ತೋಡಿನ ಬಳೆ ನಿಲ್ಲಲಿಲ್ಲ. ಕುಲುಮೆ ಆರಿತು. ಇದು ದುರ್ಗಸೀಮೆ ಕಳೆದುಕೊಂಡ ಅತಿ ದೊಡ್ಡ ಕೈಕಸುಬು. ಕೋಟೆ ಬಿದ್ದದ್ದನ್ನು ಕುರಿತು ಆದ ಮಾತಿನ ನೂರರಲ್ಲಿ ಒಂದು ಪಾಲೂ ಇದನ್ನು ಕುರಿತು ಆಗಿಲ್ಲ.

ಅದೇ ಚೌಳುಮಣ್ಣು ಮಡಿವಾಳರಿಗೆ ಸಬೂನು. ಅದೇ ಮಣ್ಣು ಈ ಊರುಗಳ ಸೂರು. ಬಯಲುಸೀಮೆಯ ಪೇಟೆಬೀದಿಗೆ ಅದರ ಚಹರೆ ಬಂದದ್ದು ಮಾಳಿಗೆ ಮನೆಯಿಂದ. ಹೆಂಚಿನ ಇಳಿಜಾರು ಸೂರು ಮಲೆನಾಡಿನದು. ಇಲ್ಲಿನದು ಮಟ್ಟಸ ಮಾಳಿಗೆ. ಕಲ್ಲು ಮಣ್ಣಿನ ಒಂದೂವರೆ ಎರಡು ಅಡಿ ದಪ್ಪದ ಗೋಡೆ, ಒಳಗೆ ಮರದ ಕಂಬ, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ. ಜಂತೆಯ ಮೇಲೆ ಹಲಗೆ ಅಥವಾ ಕಡ್ಡಿ ಹೊದಿಕೆ, ಸೊಪ್ಪು, ಅದರ ಮೇಲೆ ತುಳಿದು ಗಟ್ಟಿ ಮಾಡಿದ ಮಣ್ಣು. ಎಲ್ಲಕ್ಕೂ ಮೇಲೆ ನಾಲ್ಕಾರು ಬೆರಳು ಚೌಳು. ಮೊದಲ ಮಳೆ ಬಿದ್ದಾಗ ಚೌಳಿನ ಸಣ್ಣ ಕಣಗಳು ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ಬೆಳೆಗೆ ಶತ್ರುವಾದ ಗುಣವೇ ಸೂರಿಗೆ ಮಿತ್ರ. ಹೊಲದಲ್ಲಿ ಚೌಳು ಎದ್ದರೆ ರೈತನಿಗೆ ಕೇಡು. ಆದರೆ ಮುಂಗಾರಿಗೆ ಮುಂಚೆ ಅದೇ ಹೊಲದ ಮಣ್ಣನ್ನು ಗಾಡಿಯಲ್ಲಿ ತಂದು ಮಾಳಿಗೆಗೆ ಎರಚುವುದು ಪ್ರತಿ ಮನೆಯ ವಾಡಿಕೆ. ಸಿಮೆಂಟಿನ ಜಾಹೀರಾತುಗಳು ಹೇಳುವುದನ್ನು ಈ ಮಣ್ಣು ಖರ್ಚಿಲ್ಲದೆ ಮಾಡುತ್ತಿತ್ತು. ವರ್ಷಕ್ಕೊಮ್ಮೆ ಮೈಬಗ್ಗಿಸಬೇಕಾಗಿತ್ತು, ಅಷ್ಟೆ.

ಮನೆಯ ಅಳತೆ ಅಡಿಯಲ್ಲಿ ಅಲ್ಲ, ಅಂಕಣದಲ್ಲಿ. ಕಂಬದಿಂದ ಕಂಬಕ್ಕಿರುವ ಅಂತರ ಒಂದು ಅಂಕಣ. ಎಷ್ಟು ಅಂಕಣದ ಮನೆ ಎಂದರೆ ಮನೆತನದ ಅಂತಸ್ತು ತಿಳಿಯುತ್ತಿತ್ತು. ಬೀದಿಗೆ ಜಗುಲಿ, ಒಳಗೆ ಪಡಸಾಲೆ, ನಡುಮನೆ, ಅಡಿಗೆಮನೆ, ದೇವರಮನೆ; ರೈತರ ಮನೆಯಾದರೆ ಬಾಗಿಲ ಒಳಗೇ ಎತ್ತಿನ ಗೋದಲಿ. ಗೋಡೆಗೆ ಕಿಟಕಿ ಕಡಿಮೆ. ಬೆಳಕು ಬರುವುದು ಮಾಳಿಗೆಯ ಗವಾಕ್ಷಿಯಿಂದ. ಮಳೆ ಬಂದರೆ ಯಾರಾದರೂ ಮೇಲೆ ಹತ್ತಿ ಅದನ್ನು ಮುಚ್ಚಬೇಕು. ಪಕ್ಕಪಕ್ಕದ ಮನೆಗಳ ಮಾಳಿಗೆ ಒಂದಕ್ಕೊಂದು ತಾಗಿಕೊಂಡಿರುವುದರಿಂದ ಬೀದಿಗಿಳಿಯದೆ ಓಣಿಯ ಈ ತುದಿಯಿಂದ ಆ ತುದಿಗೆ ನಡೆಯಬಹುದಾಗಿತ್ತು. ಹುಣಸೆಹಣ್ಣು, ಮೆಣಸಿನಕಾಯಿ, ಸಂಡಿಗೆ ಒಣಗುವುದು, ಬೇಸಿಗೆಯ ರಾತ್ರಿ ಮನೆಮಂದಿ ಮಲಗುವುದು, ತೇರು ನೋಡಲು ಹೆಂಗಸರು ಸಾಲಾಗಿ ನಿಲ್ಲುವುದು ಎಲ್ಲ ಮಾಳಿಗೆಯ ಮೇಲೆಯೇ. ಕೆಳಗೆ, ನೆಲದಡಿಯಲ್ಲಿ, ಹಗೇವು: ಬಾಯಿ ಕಿರಿದು, ಹೊಟ್ಟೆ ದೊಡ್ಡದಾದ ಗುಂಡಿ. ಹುಲ್ಲು ಹಾಸಿ ರಾಗಿ ತುಂಬಿ ಬಾಯಿಗೆ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡದು. ತೆರೆದ ಕೂಡಲೇ ಇಳಿಯುವಂತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಿಟ್ಟು, ದೀಪ ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಮೂರು ವರ್ಷಕ್ಕೊಮ್ಮೆ ಬರ ಬರುವ ನಾಡಿನಲ್ಲಿ ಹಗೇವೇ ಬ್ಯಾಂಕು.

ಕೆರೆಯ ಆಡಳಿತ ಊರಿನ ಇನ್ನೊಂದು ಕಟ್ಟು. ಕೆರೆಗೆ ಏರಿ, ತೂಬು, ಕೋಡಿ ಎಂದು ಮೂರು ಅಂಗ. ತೂಬೆತ್ತಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿರ್ಧರಿಸುವವನು ನೀರುಗಂಟಿ. ಗೌಡ, ಶಾನುಭೋಗ, ತಳವಾರ, ತೋಟಿ, ಬಡಗಿ, ಕಮ್ಮಾರ, ಕುಂಬಾರ, ಮಡಿವಾಳ ಮೊದಲಾದ ಆಯಗಾರರ ಸಾಲಿನಲ್ಲಿ ಅವನಿಗೂ ಸ್ಥಾನವಿತ್ತು. ಕಣದಲ್ಲಿ ರಾಶಿ ಮಾಡಿದಾಗ ಇವರೆಲ್ಲರ ಪಾಲಿನ ಮೊರ ಮೊದಲು ತುಂಬುತ್ತಿತ್ತು. ಈ ಏರ್ಪಾಟನ್ನು ಇಂದು ನೆನೆಯುವವರು ಅದರ ಸೊಗಸನ್ನು ಮಾತ್ರ ಹೇಳುತ್ತಾರೆ. ಕೆರೆಯ ಹೂಳೆತ್ತುವ ಕೈಗಳು ಯಾವ ಕೇರಿಯವು, ತೋಟಿ ತಳವಾರರು ಹುಟ್ಟಿನಿಂದಲೇ ಯಾಕೆ ಆ ಕೆಲಸಕ್ಕೆ ಕಟ್ಟುಬಿದ್ದಿದ್ದರು ಎಂಬುದನ್ನು ಬಿಟ್ಟರೆ ಚಿತ್ರ ಅರ್ಧವೇ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ, ತಳವಾರಿಕೆಗಳನ್ನು ಕಿತ್ತುಹಾಕಿತು. ಒಳ್ಳೆಯದೇ ಆಯಿತು. ನೀರುಗಂಟಿಯ ಜಾಗಕ್ಕೆ ಮಾತ್ರ ಅಷ್ಟೇ ಕಾಳಜಿಯವರು ಯಾರೂ ಬರಲಿಲ್ಲ.

ಹಿರಿಯೂರಿನಲ್ಲಿ ಪೇಟೆಯ ಬದುಕು ತೇರುಮಲ್ಲೇಶ್ವರನ ಸುತ್ತ ತಿರುಗುತ್ತದೆ. ವೇದಾವತಿಯ ದಡದ ಈ ಗುಡಿ ವಿಜಯನಗರ ಕಾಲದ ಶೈಲಿಯದು. ಕಟ್ಟಿಸಿದವನೆಂದು ಸ್ಥಳೀಯ ಪರಂಪರೆ ಕೆಂಚಪ್ಪನಾಯಕನ ಹೆಸರು ಹೇಳುತ್ತದೆ. ಎತ್ತರದ ಬಾಗಿಲು, ಕಲ್ಲಿನ ದೀಪಸ್ತಂಭ, ಮಂಟಪದ ಮಾಡಿನಲ್ಲಿ ಶಿವನ ಲೀಲೆಗಳ ಹಾಗೂ ಪುರಾಣ ಕಥೆಗಳ ವರ್ಣಚಿತ್ರಗಳು. ಅಕ್ಷರ ಬಾರದವರಿಗೆ ತಲೆಯೆತ್ತಿದರೆ ಸಾಕು, ಪುರಾಣ ಓದಿಸುವ ಪುಸ್ತಕ ಅದು. ಊರಿನವರು ತಮ್ಮ ಊರನ್ನು ದಕ್ಷಿಣಕಾಶಿ ಎನ್ನುತ್ತಾರೆ. ಕರ್ನಾಟಕದಲ್ಲಿ ಈ ಬಿರುದಿಲ್ಲದ ಹೊಳೆದಂಡೆಯ ಊರು ಹುಡುಕುವುದು ಕಷ್ಟ, ಆದರೂ ಹಿರಿಯೂರಿನವರ ಅಭಿಮಾನ ನಿಜವಾದದ್ದೇ. ಮಾಘದಲ್ಲಿ ತೇರು. ತೇರು ಎಳೆಯುವ ಮುನ್ನ ‘ಮುಕ್ತಿಬಾವುಟ’ವನ್ನು ಹರಾಜು ಹಾಕುತ್ತಾರೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಜಾತ್ರೆಯಲ್ಲೂ ಇದೇ ಪದ್ಧತಿ. ಹೆಚ್ಚು ಕೂಗಿದವರಿಗೆ ಬಾವುಟ. ಹಣ ದೇವರ ಬೊಕ್ಕಸಕ್ಕೆ. ಹಿಂದೆ ಸಾಹುಕಾರರು ಕೂಗುತ್ತಿದ್ದರು, ಈಗ ರಾಜಕಾರಣಿಗಳು ಕೂಗುತ್ತಾರೆ. ಪೇಟೆಯ ಲೆಕ್ಕಾಚಾರ ಬದಲಾದದ್ದನ್ನು ತಿಳಿಯಲು ಆ ಪಟ್ಟಿಯನ್ನು ವರ್ಷವರ್ಷಕ್ಕೆ ಬರೆದಿಟ್ಟಿದ್ದರೂ ಸಾಕಾಗುತ್ತಿತ್ತು.

ತೇರಿನಿಂದ ಬೀದಿಗೆ ಆದ ಉಪಕಾರ ಇನ್ನೊಂದಿದೆ. ತೇರು ಹಾಯಬೇಕಾದ್ದರಿಂದ ರಥಬೀದಿಯ ಅಗಲವನ್ನು ಯಾರೂ ಒತ್ತುವಂತಿರಲಿಲ್ಲ. ತೇರಿನ ದಿನ ಜಗುಲಿ ಒಂದು ಮೊಳ ಮುಂದೆ ಬಂದಿದ್ದರೆ ಗಾಲಿಗೆ ತಾಗಿ ಊರೆದುರು ಮಾನ ಹೋಗುತ್ತಿತ್ತು. ಪುರಸಭೆಯ ನಕಾಶೆಗಿಂತ ಈ ಭಯ ಗಟ್ಟಿ. ಸಣ್ಣ ಊರುಗಳ ಹಳೆಯ ಬೀದಿಗಳು ಇಂದಿಗೂ ನೇರವಾಗಿ, ಅಗಲವಾಗಿ ಉಳಿದಿರುವಲ್ಲೆಲ್ಲ ಕಾರಣ ಹುಡುಕಿದರೆ ಒಂದು ತೇರು ಸಿಗುತ್ತದೆ.

ಪೇಟೆಯ ಆಚೆಗೆ ಹಟ್ಟಿಗಳು. ಹಿರಿಯೂರು, ಚಳ್ಳಕೆರೆ ಕಡೆ ಕಾಡುಗೊಲ್ಲರ, ಮ್ಯಾಸಬೇಡರ ಹಟ್ಟಿಗಳಿವೆ. ಮುಳ್ಳಿನ ಬೇಲಿ ಕಟ್ಟಿ, ದೇವರ ಎತ್ತುಗಳನ್ನು ಸಾಕಿ, ತಮ್ಮದೇ ಕಟ್ಟಳೆಯಲ್ಲಿ ಬದುಕುವ ಜನ. ಕುರುಬರ ಕಂಬಳಿ, ಗೊಲ್ಲರ ತುಪ್ಪ, ರೈತರ ಸಾವೆ ನವಣೆ ಹುರುಳಿ ಪೇಟೆಗೆ ಬಂದು, ಪೇಟೆಯ ಉಪ್ಪು, ಎಣ್ಣೆ, ಬೆಲ್ಲ, ಬಳೆ ಹಟ್ಟಿಗೆ ಹೋಗುವುದು ಸಂತೆಯ ದಿನ. ವಾರದ ಉಳಿದ ಆರು ದಿನ ಈ ಊರುಗಳು ಮಲಗಿದಂತೆ ಕಾಣುವುದು ಸಂತೆಯ ದಿನಕ್ಕಾಗಿ ಕಾಯುವುದರಿಂದ. ರೋಗ ರುಜಿನ ಬಂದಾಗ, ಮಳೆ ಕೈಕೊಟ್ಟಾಗ ಊರಿಗೂರೇ ಮನೆಗೆ ಬೀಗ ಹಾಕಿ ಹೊಲದಲ್ಲಿ ಒಂದು ದಿನ ಕಳೆದು ಬರುವ ‘ಹೊರಬೀಡು’ ಈ ಸೀಮೆಯ ಪದ್ಧತಿ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದು ಊರು ಬಿಟ್ಟು ಗುಡಿಸಲು ಹಾಕಿಕೊಳ್ಳಿರೆಂದು ಸರ್ಕಾರ ಹೇಳಿದಾಗ ಇಲ್ಲಿನವರಿಗೆ ಅದು ಪೂರಾ ಹೊಸ ಮಾತೇನೂ ಆಗಿರಲಿಲ್ಲ.

ಹೊರಗಿನ ಪೆಟ್ಟುಗಳು ಇದಕ್ಕಿಂತ ಮುಂಚೆಯೇ ಶುರುವಾಗಿದ್ದವು. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಹಿಡಿದು ಕೊನೆಯ ಮದಕರಿನಾಯಕನನ್ನು ಶ್ರೀರಂಗಪಟ್ಟಣಕ್ಕೆ ಒಯ್ದ. ಸುಮಾರು 20,000 ಬೇಡರನ್ನೂ ಅಲ್ಲಿಗೆ ಸಾಗಿಸಿದನೆಂದು ಚರಿತ್ರಕಾರರು ಬರೆದಿದ್ದಾರೆ. ಕಾಯುವವರಿಲ್ಲದ ಕೋಟೆ ಬರೀ ಕಲ್ಲು. ಕೊಳ್ಳುವವರಿಲ್ಲದ ಪೇಟೆ ಬರೀ ಬೀದಿ. 1799ರ ನಂತರ ಸೀಮೆ ಮೈಸೂರು ಒಡೆಯರಿಗೆ ಬಂತು, 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಆ ಅವಧಿಯ ಕೊನೆಗೆ, 1876–78ರಲ್ಲಿ ಬಿದ್ದ ಮಹಾಕ್ಷಾಮದಲ್ಲಿ ಹಗೇವುಗಳೂ ಬರಿದಾದವು.

ರೈಲು ಬಂದದ್ದು 1889ರಲ್ಲಿ, ಹರಿಹರದವರೆಗಿನ ಮೀಟರ್‌ಗೇಜ್ ದಾರಿಯಾಗಿ. ಅದು ಊರುಗಳ ಒಳಗೆ ಬರಲಿಲ್ಲ. ಹೊಸದುರ್ಗಕ್ಕೆ ಸಿಕ್ಕಿದ್ದು ಮೈಲಿಗಟ್ಟಲೆ ದೂರದ ‘ಹೊಸದುರ್ಗ ರೋಡ್’ ಎಂಬ ನಿಲ್ದಾಣ. ಹೊಳಲ್ಕೆರೆಗೆ ನಿಲ್ದಾಣ ದಕ್ಕಿದರೂ ಕೂಡುದಾರಿಯ ಗಲಾಟೆ ಚಿಕ್ಕಜಾಜೂರಿಗೆ ಹೋಯಿತು. ಅಲ್ಲಿಂದ ಚಿತ್ರದುರ್ಗಕ್ಕೆ ಕವಲು ಹಾದಿ ತೆರೆದದ್ದು 1921ರಲ್ಲಿ. ಹಿರಿಯೂರನ್ನು ರೈಲು ಮುಟ್ಟಲೇ ಇಲ್ಲ. ಈ ದಾರಿಯಲ್ಲೇ ಇದ್ದ ದಾವಣಗೆರೆ ಹತ್ತಿ, ಗಿರಣಿ, ಮಂಡಿಗಳಿಂದ ಬೆಳೆದು 1997ರಲ್ಲಿ ತನ್ನದೇ ಜಿಲ್ಲೆಯಾಗಿ ಬೇರೆ ಹೋಯಿತು. ದುರ್ಗದ ಸಣ್ಣ ಪೇಟೆಗಳು ಹಳೆಯ ಅಳತೆಯಲ್ಲೇ ನಿಂತವು. ಅವುಗಳ ಹಳೆಯ ಚಹರೆ ಉಳಿದದ್ದಕ್ಕೆ ಅಭಿಮಾನ ಕಾರಣ ಎನ್ನುವುದು ಸಭೆಯ ಮಾತು. ಮುಖ್ಯ ಕಾರಣ ಹಣ ಬಾರದೆ ಇದ್ದದ್ದು. ಕೆಡವಿ ಕಟ್ಟಲು ದುಡ್ಡಿಲ್ಲದವರು ಚೌಳು ಎರಚಿಕೊಂಡು ಅದೇ ಮನೆಯಲ್ಲಿ ಬದುಕಿದರು.

ಹಿರಿಯೂರಿನ ಪಾಲಿಗೆ ಬಂದ ದೊಡ್ಡ ಬದಲಾವಣೆ ನೀರಿನದು. ಊರಿನ ಪಶ್ಚಿಮಕ್ಕೆ ವೇದಾವತಿ ಎರಡು ಗುಡ್ಡಗಳ ನಡುವೆ ನುಸುಳುವ ಮಾರಿಕಣಿವೆಯಲ್ಲಿ 1898ರಲ್ಲಿ ಅಣೆಕಟ್ಟೆಯ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ಕೆಲಸ ಶುರುವಾದಾಗ ಮೈಸೂರಿನ ರಾಜಪ್ರತಿನಿಧಿಯಾಗಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ಜಲಾಶಯಕ್ಕೆ ಅವರದೇ ಹೆಸರು. 162 ಅಡಿ ಎತ್ತರ, ಸುಮಾರು 405 ಮೀಟರ್ ಉದ್ದದ ಕಲ್ಲಿನ ಕಟ್ಟೆ. ಹಿಡಿಯುವ ನೀರು 30 ಟಿಎಂಸಿ. ಕಟ್ಟೆಯ ಎರಡು ತುದಿಗೂ ಮಂಟಪ, ಬುಡದಲ್ಲಿ ಕಣಿವೆ ಮಾರಮ್ಮನ ಗುಡಿ. ಎಂಜಿನಿಯರರು ಕಣಿವೆಯ ಬಾಯಿ ಮುಚ್ಚಿದರೂ ಕಣಿವೆಯ ದೇವತೆಗೆ ಜಾಗ ಬಿಟ್ಟೇ ಮುಚ್ಚಿದರು.

ನಾಲೆಯ ನೀರು ಹಿರಿಯೂರಿನ ಸುತ್ತ ತೆಂಗು, ಅಡಿಕೆ, ಭತ್ತ, ಕಬ್ಬು ತಂದಿತು. ಸಕ್ಕರೆ ಕಾರ್ಖಾನೆ ಬಂತು, ಮುಚ್ಚಿತು. ಜಲಾಶಯದ ಗಾತ್ರಕ್ಕೆ ಹೊಳೆಯ ನೀರು ಸಾಲದು ಎಂಬುದು ಬೇಗನೆ ತಿಳಿಯಿತು. 130 ಅಡಿ ತುಂಬಿ ಕೋಡಿ ಬಿದ್ದದ್ದು ಮೊದಲು 1933ರಲ್ಲಿ. ಆಮೇಲೆ ಮೂರು ತಲೆಮಾರು ಕಾದರೂ ಕೋಡಿ ಬೀಳಲಿಲ್ಲ. ಅಜ್ಜಂದಿರು ಕಂಡದ್ದನ್ನು ಮೊಮ್ಮಕ್ಕಳು ಕಥೆಯಾಗಿ ಕೇಳಿದರು. 2017–18ರ ಸುಮಾರಿಗೆ ಜಲಾಶಯ ತಳ ಕಂಡು ನಾಲೆ ನಿಂತಾಗ ತೆಂಗಿನ ತೋಟಗಳು ನಿಂತಲ್ಲೇ ಸುಳಿ ಒಣಗಿದವು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರು ಅಜ್ಜಂಪುರದ ಸುರಂಗ ದಾಟಿ ವೇದಾವತಿಗೆ ಬರತೊಡಗಿದ ಮೇಲೆ, ಒಳ್ಳೆಯ ಮಳೆಯೂ ಕೂಡಿ, 2022ರ ಸೆಪ್ಟೆಂಬರಿನಲ್ಲಿ 89 ವರ್ಷದ ನಂತರ ಕೋಡಿ ಬಿತ್ತು. ಅಕ್ಕಪಕ್ಕದ ಜಿಲ್ಲೆಗಳಿಂದಲೂ ಜನ ಗಾಡಿ ಕಟ್ಟಿಕೊಂಡು ನೋಡಲು ಬಂದರು. 2025ರ ಜನವರಿಯಲ್ಲಿ ಮತ್ತೆ ತುಂಬಿತು.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ ಸಣ್ಣ ಊರೊಂದು ಹಳೆಯ ಬೇರಿನಿಂದಲೇ ಹೊಸ ಚಿಗುರು ತೆಗೆದದ್ದಕ್ಕೆ ಉದಾಹರಣೆ. ಸಿರಿಗೆರೆಯ ತರಳಬಾಳು ಪರಂಪರೆಯ ಶಾಖಾಮಠವಿರುವ ಈ ಹಳ್ಳಿಯಲ್ಲಿ 1987ರಲ್ಲಿ ಶಿವಕುಮಾರ ಕಲಾಸಂಘ, 1997ರಲ್ಲಿ ‘ಶಿವಸಂಚಾರ’ ಎಂಬ ತಿರುಗಾಟದ ನಾಟಕ ತಂಡ ಪಂಡಿತಾರಾಧ್ಯ ಸ್ವಾಮಿಗಳ ಆಸ್ಥೆಯಿಂದ ಆರಂಭವಾದವು. ವರ್ಷಕ್ಕೆ ಮೂರು ನಾಟಕ ಸಿದ್ಧಪಡಿಸಿಕೊಂಡು ತಂಡ ಕರ್ನಾಟಕದ ಊರೂರು ತಿರುಗುತ್ತದೆ. ಕಣದಲ್ಲಿ ದೊಡ್ಡಾಟ ಆಡಿ ಬೆಳಗು ಮಾಡುತ್ತಿದ್ದ ಸೀಮೆಗೆ ನಾಟಕ ಹೊರಗಿನದೆನಿಸಲಿಲ್ಲ. ಮಲಾರ ಹೊತ್ತು ಊರೂರಿಗೆ ಹೋಗುತ್ತಿದ್ದ ಬಳೆಗಾರರ ತಾಲ್ಲೂಕಿನಿಂದಲೇ ಈಗ ನಾಟಕದ ಪೆಟ್ಟಿಗೆಗಳು ಹೊರಡುತ್ತವೆ.

ಹೆದ್ದಾರಿಗಳು ಹಿರಿಯೂರಿನಲ್ಲಿ ಕೂಡುತ್ತವೆ. ಬೆಂಗಳೂರು–ಪುಣೆ ದಾರಿಯ ಲಾರಿಗಳು ಈಗ ಊರ ಹೊರಗಿನ ಬೈಪಾಸಿನಲ್ಲಿ ಹಾಯುತ್ತವೆ. ಜೋಗಿಮಟ್ಟಿಯ ಸಾಲಿನ ಗುಡ್ಡಗಳ ನೆತ್ತಿಯಲ್ಲಿ ಗಾಳಿಗಿರಣಿಗಳು ತಿರುಗುತ್ತವೆ. ಹೊಸದುರ್ಗದ ಸಾವೆಗೆ ಸಿರಿಧಾನ್ಯವೆಂಬ ಹೊಸ ಹೆಸರು ಬಂದು ಪಟ್ಟಣದ ಅಂಗಡಿಗಳಲ್ಲಿ ಬೆಲೆ ಏರಿದೆ. ಒಂದು ಕಾಲಕ್ಕೆ ಅಕ್ಕಿ ಕೊಳ್ಳಲಾಗದವರ ಅನ್ನ ಅದು. ಪೇಟೆಬೀದಿಗಳಿಗೂ ಈಗ ಹಣ ಬಂದಿದೆ. ಮಾಳಿಗೆ ಇಳಿಸಿ ಆರ್‌ಸಿಸಿ ಹಾಕುವುದು ಮನೆತನದ ಏಳಿಗೆಯ ಗುರುತು. ಅದರಲ್ಲಿ ತಪ್ಪು ಹುಡುಕುವುದು ಸೋರುವ ಸೂರಿನ ಕೆಳಗೆ ಮಲಗದವರಿಗೆ ಸುಲಭ.

ಚಿತ್ರದುರ್ಗದ ಕೋಟೆಗೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಿದೆ. ಪೇಟೆಯ ಮನೆಗಳಿಗೆ, ಹಗೇವುಗಳಿಗೆ, ಮತ್ತೋಡಿನ ಕುಲುಮೆಯ ಜಾಗಕ್ಕೆ ಅಂಥ ಆಸರೆಯಿಲ್ಲ. ಎಲ್ಲವನ್ನೂ ಉಳಿಸುವುದು ಆಗುವ ಮಾತೂ ಅಲ್ಲ. ಆದರೆ ಹಳೆಯ ಮಾಳಿಗೆ ಕೆಡವುವ ಮೊದಲು ಎಷ್ಟು ಅಂಕಣ, ತೊಲೆ ಯಾವ ಮರದ್ದು, ಹಗೇವು ಎಲ್ಲಿತ್ತು, ಚೌಳು ಯಾವ ಹಳ್ಳದಿಂದ ಬರುತ್ತಿತ್ತು ಎಂಬಿಷ್ಟನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡುವುದು ಒಂದು ಮಧ್ಯಾಹ್ನದ ಕೆಲಸ. ಅದನ್ನು ಮನೆಯವರೇ ಮಾಡಬೇಕು, ಕೇಳಲು ಹಿರಿಯರು ಇರುವಾಗಲೇ ಮಾಡಬೇಕು.